ಪಿಟಾನ್ ಪರ್ವತಗಳ ಬುಡದಲ್ಲಿ ಒಂದು ರಾತ್ರಿ: ಸೇಂಟ್ ಲೂಸಿಯಾದಿಂದ ಬೆಕ್ವೆಗೆ ಹೋಗಿಬರುವ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಪಡುಗಾಳಿ)

ನಮಸ್ಕಾರ. ಬರುವ ಫೆಬ್ರವರಿಯಲ್ಲಿ ನಾವು ನಾಲ್ವರು ಕೆರಿಬಿಯನ್ ದ್ವೀಪವಾದ ಸೇಂಟ್ ಲೂಸಿಯಾದ ಉತ್ತರ ಭಾಗದ ರಾಡ್ನಿ ಬೇಯಲ್ಲಿ 12 ಮೀಟರ್ ಉದ್ದದ ಹಾಯಿದೋಣಿಯೊಂದನ್ನು ಹತ್ತು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆಯಲಿದ್ದೇವೆ. ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಕ್ಕೆ ಸಾಗಿ, ಸೂಫ್ರಿಯೇರ್ ಊರಿನ ಬಳಿ ಪಿಟಾನ್ ಎಂಬ ಅವಳಿ ಪರ್ವತಗಳ ಬುಡದಲ್ಲಿ ಒಂದು ರಾತ್ರಿ ತಂಗಿ, ಸೇಂಟ್ ವಿನ್ಸೆಂಟ್ ದ್ವೀಪವನ್ನು ದಾಟಿ ಅದರ ದಕ್ಷಿಣದ ಪುಟ್ಟ ದ್ವೀಪ ಬೆಕ್ವೆ ತಲುಪಿ, ಅದೇ ದಾರಿಯಲ್ಲಿ ಮರಳಬೇಕೆಂದಿದ್ದೇವೆ. ನನಗೆ ಎರಡು ಸಂದೇಹಗಳಿವೆ. ನಕ್ಷೆಯಲ್ಲಿ ಪಿಟಾನ್‌ಗಳ ಕೆಳಗಿನ ಆಳದ ಅಂಕಿಗಳನ್ನು ನೋಡಿದರೆ ದಡದಿಂದ ಕೂಗಳತೆಯಲ್ಲೇ ಸಮುದ್ರ ಪಾತಾಳಕ್ಕೆ ಇಳಿದಂತಿದೆ. ಅಲ್ಲಿ ಲಂಗರು ಹಾಕುವುದಾದರೂ ಹೇಗೆ? ಇನ್ನೊಂದು, ಹೋಗಲು ಹಿಡಿಯುವಷ್ಟೇ ಸಮಯ ಬರಲೂ ಹಿಡಿಯುತ್ತದೆಂದು ಲೆಕ್ಕ ಹಾಕಿದ್ದೇನೆ. ಈ ಲೆಕ್ಕ ಸರಿಯೇ?

ಉತ್ತರ (ಗಾಳಿಮರೆ)

ಮೊದಲ ಸಂದೇಹಕ್ಕೆ ಉತ್ತರ ಚಿಕ್ಕದು: ಅಲ್ಲಿ ಲಂಗರು ಹಾಕುವಂತೆಯೇ ಇಲ್ಲ. ಮೀನುಗಾರರು, ಮುಳುಗುಗಾರರು ಮತ್ತು ವಿಹಾರದೋಣಿಯವರ ನಡುವಿನ ಜಗಳ ಹಾಗೂ ಹವಳಕ್ಕೆ ಆಗುತ್ತಿದ್ದ ಹಾನಿಯ ಹಿನ್ನೆಲೆಯಲ್ಲಿ 1995ರಲ್ಲಿ ಸೂಫ್ರಿಯೇರ್ ಸಾಗರ ನಿರ್ವಹಣಾ ಪ್ರದೇಶ ರೂಪುಗೊಂಡಿತು. ವಿಹಾರದೋಣಿಗಳು ಅಲ್ಲಿ ಸಮುದ್ರದ ತಳಕ್ಕೆ ಬಿಗಿದು ಇರಿಸಿರುವ ತೇಲುಬುರುಡೆಗಳಿಗೇ (ಮೂರಿಂಗ್ ಬಾಯ್) ಕಟ್ಟಿಕೊಳ್ಳಬೇಕು; ಕಾವಲು ಸಿಬ್ಬಂದಿ ದೋಣಿಯಲ್ಲಿ ಬಂದು ಶುಲ್ಕ ಪಡೆದು ರಸೀದಿ ಕೊಡುತ್ತಾರೆ. ನಿಯಮ ಇಲ್ಲದಿದ್ದರೂ ಲಂಗರು ನಿಲ್ಲುವ ಜಾಗ ಅದಲ್ಲ. ಎರಡರಲ್ಲಿ ಚಿಕ್ಕದಾದ ಪೆಟಿ ಪಿಟಾನ್ 743 ಮೀಟರ್ ಎತ್ತರದ ಜ್ವಾಲಾಮುಖಿ ಶಿಲೆಯ ಶಿಖರ. ಅದು ನೀರಿನ ಮೇಲೆ ಎಷ್ಟು ಕಡಿದಾಗಿ ಏರಿದೆಯೋ ನೀರಿನ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಕಡಿದಾಗಿ ಇಳಿಯುತ್ತದೆ.

ಬುರುಡೆ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ. ದೋಣಿ ಕಟ್ಟಿದ ಕೂಡಲೇ ಒಬ್ಬರು ಈಜುಗನ್ನಡಕ ಹಾಕಿಕೊಂಡು ನೀರಿಗಿಳಿದು, ಬುರುಡೆಯ ಕೆಳಗಿನ ಹಗ್ಗ ಎಲ್ಲಾದರೂ ಸವೆದಿದೆಯೇ, ಕೊಂಡಿಯ ತಿರುಪು ಸಡಿಲಗೊಂಡಿದೆಯೇ ಎಂದು ಕಣ್ಣಾರೆ ನೋಡಬೇಕು. ಒಂದೇ ಹಗ್ಗವನ್ನು ಮುಂಭಾಗದ ಬಲಗೂಟದಿಂದ ಬುರುಡೆಯ ಕಣ್ಣಿಯೊಳಗೆ ತೂರಿಸಿ ಎಡಗೂಟಕ್ಕೆ ಕಟ್ಟುವುದು ಬಹಳ ಜನ ಮಾಡುವ ತಪ್ಪು. ದೋಣಿ ಅತ್ತಿತ್ತ ವಾಲಿದಂತೆಲ್ಲ ಹಗ್ಗವು ಕಣ್ಣಿಯೊಳಗೆ ಗರಗಸದಂತೆ ಎಳೆದಾಡಿ ಬೆಳಗಾಗುವುದರೊಳಗೆ ನಾರುನಾರಾಗಬಹುದು. ಎರಡು ಬೇರೆ ಬೇರೆ ಹಗ್ಗಗಳನ್ನು ತೆಗೆದುಕೊಂಡು, ಒಂದೊಂದನ್ನೂ ತನ್ನ ಗೂಟದಿಂದ ಹೊರಡಿಸಿ ಕಣ್ಣಿಯ ಮೂಲಕ ಅದೇ ಗೂಟಕ್ಕೆ ಹಿಂದಿರುಗಿಸಿ ಕಟ್ಟಿ.

ಪರ್ವತದ ಮರೆಯಲ್ಲಿ ಗಾಳಿ ಇರುವುದಿಲ್ಲ ಎಂಬ ಭ್ರಮೆಯೂ ಬೇಡ. ಪೂರ್ವದಿಂದ ಬರುವ ವಾಣಿಜ್ಯ ಮಾರುತ ಎರಡು ಶಿಖರಗಳ ನಡುವಿನ ಕಣಿವೆಯಲ್ಲಿ ಹಿಂಡಿಕೊಂಡು ಹಠಾತ್ತನೆ ಕೆಳಕ್ಕೆ ಎರಗುತ್ತದೆ, ಮರುನಿಮಿಷವೇ ಸತ್ತಂತೆ ನಿಲ್ಲುತ್ತದೆ. ನಮ್ಮ ಮೊದಲ ರಾತ್ರಿ ಹನ್ನೆರಡರ ಹೊತ್ತಿಗೆ ಗಾಳಿ ನಿಂತು, ಒಳಹರಿವು ದೋಣಿಯನ್ನು ಬುರುಡೆಯ ಮೇಲಕ್ಕೇ ತಳ್ಳಿ, ಯಾರೋ ಬಾಗಿಲು ತಟ್ಟುತ್ತಿರುವಂತೆ ದಬದಬ ಸದ್ದಾಗತೊಡಗಿತು. ಬುರುಡೆ ಮೂತಿಗೆ ತಾಗಿ ನೇತಾಡುವಷ್ಟು ಹಗ್ಗವನ್ನು ಗಿಡ್ಡ ಮಾಡಿದ ಮೇಲೆಯೇ ನಿದ್ದೆ ಬಂದದ್ದು.

ಉತ್ತರ (ಮೂರನೇ ಹಾಯಿ)

ನಿಮ್ಮ ಎರಡನೆಯ ಲೆಕ್ಕ ತಪ್ಪಿದೆ. ಫೆಬ್ರವರಿಯಲ್ಲಿ ಗಾಳಿ ಹೆಚ್ಚಾಗಿ ಪೂರ್ವ ಅಥವಾ ಈಶಾನ್ಯದ ಕಡೆಯಿಂದ 15ರಿಂದ 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದಲ್ಲಿ ಬೀಸುತ್ತದೆ. ದಕ್ಷಿಣಕ್ಕೆ ಹೋಗುವಾಗ ಅದು ಪಕ್ಕದಿಂದಲೋ ತುಸು ಹಿಂದಿನಿಂದಲೋ ಬಂದು ಸುಖವಾಗಿ ಒಯ್ಯುತ್ತದೆ. ಮರಳುವಾಗ ದ್ವೀಪಗಳ ಸಾಲು ಉತ್ತರಕ್ಕೂ ಸ್ವಲ್ಪ ಪೂರ್ವಕ್ಕೂ ಬಾಗಿರುವುದರಿಂದ ಗಾಳಿಗೆ ಮುಖ ಕೊಟ್ಟೇ ಸಾಗಬೇಕಾಗುತ್ತದೆ. ಅದರ ಮೇಲೆ ಪಶ್ಚಿಮಕ್ಕೆ ಹರಿಯುವ ಪ್ರವಾಹ ಬೇರೆ. ಸೇಂಟ್ ವಿನ್ಸೆಂಟ್ ಮತ್ತು ಸೇಂಟ್ ಲೂಸಿಯಾ ನಡುವಿನ ಜಲಸಂಧಿ ಇಪ್ಪತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ ಅಗಲವಿದೆ. ಅದನ್ನು ದಾಟಲು ನಾಲ್ಕು ತಾಸು ಹಿಡಿದರೆ, ಒಂದೇ ಒಂದು ನಾಟ್ ಪ್ರವಾಹವೂ ನಿಮ್ಮನ್ನು ನಾಲ್ಕು ಮೈಲಿ ಪಶ್ಚಿಮಕ್ಕೆ ತಳ್ಳಿರುತ್ತದೆ, ಮತ್ತು ಆ ನಾಲ್ಕು ಮೈಲಿಯನ್ನು ಗಾಳಿಗೆದುರಾಗಿ ಮರಳಿ ಗಳಿಸಬೇಕಾಗುತ್ತದೆ. ಆದ್ದರಿಂದ ಪಿಟಾನ್‌ಗಳು ಕಣ್ಣಿಗೆ ಬಿದ್ದ ಕೂಡಲೇ ನೇರವಾಗಿ ಅವುಗಳತ್ತ ಮೂತಿ ಹಿಡಿಯದೆ ಆದಷ್ಟು ಪೂರ್ವಕ್ಕೆ ಉಳಿದುಕೊಳ್ಳಿ. ಬೆಕ್ವೆಯಿಂದ ಒಂದೇ ದಿನದಲ್ಲಿ ಬರುವ ಹಟ ಬೇಡ; ಸೇಂಟ್ ವಿನ್ಸೆಂಟಿನ ಪಶ್ಚಿಮ ತೀರದಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ಹೊರಡಿ.

ಆ ದ್ವೀಪದ ಉತ್ತರ ತುದಿಯಲ್ಲಿರುವ ಜ್ವಾಲಾಮುಖಿಯ ಹೆಸರೂ ಸೂಫ್ರಿಯೇರ್ ಎಂದೇ. ಗಂಧಕಕ್ಕೆ ಸಂಬಂಧಿಸಿದ ಫ್ರೆಂಚ್ ಹೆಸರಿದು; ನಕ್ಷೆ ಓದುವವರನ್ನು ಗಲಿಬಿಲಿಗೊಳಿಸಲೆಂದೇ ಎರಡು ಕಡೆ ಇಟ್ಟಂತಿದೆ. 2021ರ ಏಪ್ರಿಲ್‌ನಲ್ಲಿ ಸ್ಫೋಟಿಸಿದ್ದು ಇದೇ 1,234 ಮೀಟರ್ ಎತ್ತರದ ಪರ್ವತ. ಅದರ ಮರೆಯಿಂದ ಹೊರಬೀಳುವ ತಿರುವಿನಲ್ಲಿ ಗಾಳಿ ಒಮ್ಮೆಲೇ ಬಲಗೊಳ್ಳುತ್ತದೆ, ಅಲೆಗಳೂ ಕಡಿದಾಗುತ್ತವೆ. ಮರೆಯಲ್ಲಿ ಹಾಯಿ ಜೋಲು ಬಿದ್ದಿರುವಾಗಲೇ ಅದನ್ನು ಕುಗ್ಗಿಸಿಕೊಳ್ಳಿ; ಆಗ ಅದು ಹಾಸ್ಯಾಸ್ಪದವಾಗಿ ಕಾಣುತ್ತದೆ, ಕಾಲು ಗಂಟೆಯ ನಂತರ ಯಾರೂ ನಗುವುದಿಲ್ಲ.

ಉತ್ತರ (ಉಪ್ಪುಗಡ್ಡ)

ಮೇಲಿನ ಇಬ್ಬರೂ ಕಾಗದಪತ್ರದ ವಿಷಯ ಬಿಟ್ಟಿದ್ದಾರೆ. ಸೇಂಟ್ ಲೂಸಿಯಾ ಒಂದು ದೇಶ; ಸೇಂಟ್ ವಿನ್ಸೆಂಟ್ ಮತ್ತು ಬೆಕ್ವೆ ಸೇರಿ ಇನ್ನೊಂದು. ಎರಡೂ ಕಡೆ ನಡೆಯುವುದು ಪೂರ್ವ ಕೆರಿಬಿಯನ್ ಡಾಲರ್ ಆದರೂ (ಒಂದು ಅಮೆರಿಕನ್ ಡಾಲರಿಗೆ 2.70) ಕಸ್ಟಮ್ಸ್ ಮತ್ತು ವಲಸೆ ವಿಧಿಗಳು ಹೊರಡುವಾಗಲೂ ತಲುಪಿದಾಗಲೂ ಬೇರೆ ಬೇರೆಯಾಗಿ ಮುಗಿಯಬೇಕು. ಅವು ಮುಗಿಯುವವರೆಗೆ ಹಳದಿ ಬಾವುಟ ಹಾರಿಸಿ, ನಾಯಕನ ಹೊರತು ಯಾರೂ ದಡಕ್ಕಿಳಿಯಬಾರದು. ದಾರಿಯಲ್ಲಿ ರಾತ್ರಿ ತಂಗುವ ಯೋಚನೆ ಇದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ ಕೇಳಿದವರ ಮರುನುಡಿ (ಪಡುಗಾಳಿ)

ಎಲ್ಲರಿಗೂ ಕೃತಜ್ಞತೆಗಳು. ಮರಳುವ ಪಯಣಕ್ಕೆ ಎರಡು ದಿನ ಹೆಚ್ಚಿಗೆ ತೆಗೆದಿರಿಸಿದ್ದೇನೆ. ಇನ್ನೊಂದು ಮಾತು ಕೇಳಬೇಕಿತ್ತು: ಪಿಟಾನ್‌ಗಳ ಬಳಿ ಮಧ್ಯಾಹ್ನವೇ ಬುರುಡೆಗಳೆಲ್ಲ ತುಂಬಿರುತ್ತವೆಯೇ?

ಉತ್ತರ (ಗಾಳಿಮರೆ)

ಆ ತಿಂಗಳಲ್ಲಿ ತುಂಬಿರುವ ಸಾಧ್ಯತೆಯೇ ಹೆಚ್ಚು. ಫೆಬ್ರವರಿಯಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗಿ, ಬೇಗನೆ ಕತ್ತಲಾಗುತ್ತದೆ. ಮಧ್ಯಾಹ್ನ ಎರಡರೊಳಗೆ ತಲುಪಿದರೆ, ಜಾಗ ಸಿಗದಿದ್ದರೂ ಬೆಳಕಿರುವಾಗಲೇ ಉತ್ತರದ ಮಾರಿಗಾಟ್ ಕೊಲ್ಲಿಗೆ ಹಿಂದಿರುಗಬಹುದು.