ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸರ್ವೆ: ನಿಜವಾದ ಉತ್ತರ ಬರಬೇಕಾದರೆ ಹೇಗೆ ಕೇಳಬೇಕು?

ಗಂಗೋತ್ರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಕೊನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸರ್ವೆ ಮಾಡಬೇಕು ಅಂತಿದ್ದೇನೆ. ಹಾಸ್ಟೆಲ್‌ನಲ್ಲಿರುವವರು ಒಂದು ಗುಂಪು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ದಿನಾ ರೈಲಲ್ಲೋ ಬಸ್ಸಲ್ಲೋ ಬಂದು ಹೋಗುವವರು ಇನ್ನೊಂದು ಗುಂಪು. ಕತ್ತಲಿರುವಾಗಲೇ ಎದ್ದು, ರೈಲಲ್ಲಿ ನಿಂತುಕೊಂಡು ಬಂದು, ಸಂಜೆ ಮನೆಗೆ ಹೋದ ಮೇಲೆ ಹಸು, ಗದ್ದೆ ಅಂತ ದುಡಿಯುವವರ ಕಷ್ಟ ಹಾಸ್ಟೆಲ್‌ನವರ ಕಷ್ಟಕ್ಕಿಂತ ಬೇರೆ ಥರ ಇರುತ್ತೆ ಅಂತ ನನಗೆ ಅನಿಸುತ್ತೆ, ಆದರೆ ಅನಿಸಿದ್ದನ್ನೇ ಬರೆದುಕೊಂಡು ಹೋಗೋಕೆ ಆಗಲ್ಲ, ಅಲ್ವಾ, ಅದಕ್ಕೇ ಅವರನ್ನೇ ಕೇಳಬೇಕು.

ಖಿನ್ನತೆಯ ಲಕ್ಷಣ ಎಷ್ಟಿದೆ ಅಂತ ಒಂಬತ್ತು ಪ್ರಶ್ನೆಗಳಲ್ಲಿ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಹಾಕಿ, ಗೂಗಲ್ ಫಾರ್ಮ್ ಮಾಡಿ, ವಾಟ್ಸ್ಆಪ್ ಗ್ರೂಪ್‌ಗಳಿಗೆ ಬಿಟ್ಟರೆ ಮುಗೀತು ಅಂತ ಸೀನಿಯರ್‌ಗಳು ಹೇಳುತ್ತಿದ್ದಾರೆ. ನನಗೆ ಸಮಾಧಾನ ಇಲ್ಲ. ಪಕ್ಕದಲ್ಲಿ ಫ್ರೆಂಡ್ ಕೂತಿದ್ದರೆ ಯಾರು ತಾನೇ ನಿಜ ಬರೆಯುತ್ತಾರೆ? ರಿಜಿಸ್ಟರ್ ನಂಬರ್ ಕೇಳಬೇಕಾ, ಬೇಡವಾ? ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಒಂಬತ್ತನೇ ಪ್ರಶ್ನೆಯ ಬಗ್ಗೆ. ಸತ್ತರೆ ಒಳ್ಳೇದು ಅನ್ನೋ ಯೋಚನೆ ಬಂದಿದೆಯಾ ಅಂತ ಅದು ಕೇಳುತ್ತೆ. ಯಾರೋ ಒಬ್ಬರು ನಡುರಾತ್ರಿ ಅದಕ್ಕೆ ‘ಹೆಚ್ಚೂಕಡಿಮೆ ಪ್ರತಿದಿನ’ ಅಂತ ಒತ್ತಿ ಕಳಿಸಿದರೆ ನಾನು ಏನು ಮಾಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಮಂಡ್ಯದ ಕೌನ್ಸೆಲರ್

ಒಂಬತ್ತನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ. ಆ ಹೆದರಿಕೆಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ, ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಹಗುರಾಗುತ್ತೆ. ತೊಂದರೆ ಇರುವುದು ಕೇಳಿ ಸುಮ್ಮನಾಗುವುದರಲ್ಲಿ. ಹೆಸರಿಲ್ಲದ ಫಾರ್ಮ್‌ನಲ್ಲಿ ‘ಪ್ರತಿದಿನ’ ಅಂತ ಉತ್ತರ ಬಂದರೆ ಆ ಹುಡುಗ ಯಾರು ಅಂತ ಹುಡುಕೋಕೆ ನಿಮಗೆ ದಾರಿಯೇ ಇರಲ್ಲ. ಹಾಗಾಗಿ ಎರಡರಲ್ಲಿ ಒಂದು ಮಾಡಿ. ಒಂದು, ಪಿಎಚ್‌ಕ್ಯೂ-8 ಬಳಸಿ. ಅದು ಅದೇ ಪ್ರಶ್ನಾವಳಿ, ಒಂಬತ್ತನೇ ಪ್ರಶ್ನೆ ಮಾತ್ರ ಇರಲ್ಲ, ಒಟ್ಟು ಅಂಕ 27ರ ಬದಲು 24. ದೊಡ್ಡ ಜನಸಮೂಹದ ಸರ್ವೆಗಳಲ್ಲಿ ಅದನ್ನೇ ಬಳಸಿದ್ದಾರೆ, ಪ್ರಾಜೆಕ್ಟ್‌ಗೆ ಯಾವ ಕೊರತೆಯೂ ಆಗಲ್ಲ. ಇಲ್ಲ, ಒಂಬತ್ತೂ ಬೇಕೇ ಬೇಕು ಅಂದರೆ ಆನ್‌ಲೈನ್ ಬಿಡಿ. ಎದುರಿಗೆ ಕೂತು ಮಾಡಿಸಿ, ಪಕ್ಕದ ರೂಮಿನಲ್ಲಿ ಕೌನ್ಸೆಲರ್ ಇರುವ ಹಾಗೆ ನೋಡಿಕೊಳ್ಳಿ, ಆ ದಿನವೇ ಉತ್ತರ ಓದಿ.

ಯಾವುದನ್ನೇ ಮಾಡಿದರೂ ಫಾರ್ಮ್‌ನ ಮೊದಲ ಪುಟದಲ್ಲೂ ಕೊನೇ ಪುಟದಲ್ಲೂ ಟೆಲಿ-ಮಾನಸ್ ನಂಬರ್ 14416 ಇರಲಿ. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರಿ ಸಹಾಯವಾಣಿ ಅದು. ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಮಾತ್ರ ಹಾಕಿದರೆ ಸಾಲದು, ಹತ್ತಿರದಲ್ಲಿ ನೇರವಾಗಿ ಹೋಗಿ ಮಾತಾಡಬಹುದಾದ ಜಾಗವನ್ನೂ ಬರೆಯಿರಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ. ಯಾವ ದಿನ, ಯಾವ ಸಮಯಕ್ಕೆ ಹೋದರೆ ಡಾಕ್ಟರ್ ಸಿಗುತ್ತಾರೆ ಅಂತ ನೀವೇ ಹೋಗಿ ಕೇಳಿಕೊಂಡು ಬಂದು ಬರೆಯಿರಿ.

ಇನ್ನೊಂದು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಸರ್ವೆಗೆ ಅನುಮತಿ ಕೇಳೋಕೆ ಪ್ರಿನ್ಸಿಪಾಲರ ಹತ್ತಿರ ಹೋದಾಗ, ಯಾರಿಗಾದರೂ ಸಹಾಯ ಬೇಕಾದರೆ ನಿಮ್ಮಲ್ಲಿ ಯಾರ ಹತ್ತಿರ ಕಳಿಸಲಿ ಅಂತ ಮೊದಲೇ ಕೇಳಿ. ಉತ್ತರ ಬರದ ಕಾಲೇಜಿನಲ್ಲಿ ಒಂಬತ್ತನೇ ಪ್ರಶ್ನೆ ಕೇಳಬೇಡಿ.

ಅಂಕಿ ಮೇಷ್ಟ್ರು

ಕೌನ್ಸೆಲರ್ ಹೇಳಿದ್ದು ಸರಿ. ನಾನು ಅಂಕಿ-ಅಂಶದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಪ್ರತಿ ವರ್ಷ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ‘ಮಾದರಿ ಗಾತ್ರ 384’ ಅಂತ ನೋಡುತ್ತೇನೆ. ಶೇ. 95 ವಿಶ್ವಾಸ, ಶೇ. 5 ಹೆಚ್ಚುಕಡಿಮೆ ಅಂತ ಸೂತ್ರಕ್ಕೆ ಹಾಕಿದರೆ ಆ ಸಂಖ್ಯೆ ಬರುತ್ತೆ, ನಿಜ. ಆದರೆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದ್ದರೆ ಮಾತ್ರ ಆ ಲೆಕ್ಕ ನಡೆಯುತ್ತೆ. ವಾಟ್ಸ್ಆಪ್ ಗ್ರೂಪ್‌ಗೆ ಲಿಂಕ್ ಬಿಟ್ಟರೆ ಇಷ್ಟ ಇದ್ದವರು ತುಂಬುತ್ತಾರೆ, ಅಂದರೆ ಈ ವಿಷಯ ಮನಸ್ಸಿಗೆ ತಟ್ಟಿದವರು ಜಾಸ್ತಿ ತುಂಬಬಹುದು, ತೀರಾ ಕುಗ್ಗಿಹೋದವರು ಮೊಬೈಲೇ ಮುಟ್ಟದೆ ಬಿಡಬಹುದು, ಯಾವುದು ಎಷ್ಟು ಅಂತ ಕೊನೆಗೂ ಗೊತ್ತಾಗಲ್ಲ. 2000 ಜನ ಆ ಥರ ತುಂಬಿದ್ದಕ್ಕಿಂತ, ಹಾಸ್ಟೆಲ್ ಪಟ್ಟಿಯಿಂದ 150 ಜನರನ್ನು ಯಾದೃಚ್ಛಿಕವಾಗಿ ಆರಿಸಿ ಅವರಲ್ಲಿ 120 ಜನರ ಹತ್ತಿರ ಉತ್ತರ ಪಡೆದರೆ ನಾನು ಅದನ್ನು ಜಾಸ್ತಿ ನಂಬುತ್ತೇನೆ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಕೊಟ್ಟರು, ಎರಡನ್ನೂ ರಿಪೋರ್ಟ್‌ನಲ್ಲಿ ಬರೆಯಿರಿ.

ಸಮಯ ನೋಡಿಕೊಳ್ಳಿ. ಪಿಎಚ್‌ಕ್ಯೂ ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲ್‌ನವರನ್ನು ಕೇಳಿ, ದಸರಾ ರಜೆ ಮುಗಿಸಿ ಬಂದಾಗ ಊರಿಂದ ಓಡಾಡುವವರನ್ನು ಕೇಳಿದರೆ, ನೀವು ಹೋಲಿಸುತ್ತಿರುವುದು ಎರಡು ಗುಂಪುಗಳನ್ನಲ್ಲ, ಎರಡು ತಿಂಗಳುಗಳನ್ನು. ಎರಡೂ ಗುಂಪನ್ನು ಒಂದೇ ವಾರದಲ್ಲಿ ಮುಗಿಸಿ.

ಆಮೇಲೆ, ಪಿಎಚ್‌ಕ್ಯೂನಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದವರಿಗೆಲ್ಲ ಖಿನ್ನತೆ ಇದೆ ಅಂತ ಬರೆಯಬೇಡಿ. ಅದು ಸೋಸುವ ಪರೀಕ್ಷೆ, ಕಾಯಿಲೆ ಇದೆ ಅಂತ ತೀರ್ಮಾನಿಸಬೇಕಾದವರು ಡಾಕ್ಟರ್. ‘ಖಿನ್ನತೆಯ ಲಕ್ಷಣಗಳು ಮಧ್ಯಮ ಅಥವಾ ಹೆಚ್ಚು ಮಟ್ಟದಲ್ಲಿರುವವರು’ ಅಂತ ಬರೆಯಿರಿ. ಅರ್ಧದಷ್ಟು ವಿದ್ಯಾರ್ಥಿಗಳಿಗೆ ಮಾನಸಿಕ ಕಾಯಿಲೆ ಅಂತ ನಾಳೆ ಪೇಪರಿನಲ್ಲಿ ಬಂದರೆ ಅದರಿಂದ ನೋವಾಗುವುದು ಆ ಮಕ್ಕಳಿಗೆ ಮತ್ತು ಅವರ ಅಪ್ಪ ಅಮ್ಮಂದಿರಿಗೆ.

ಹಳೇ ಹಾಸ್ಟೆಲ್‌ಮೇಟ್

ರಿಜಿಸ್ಟರ್ ನಂಬರ್ ಬಗ್ಗೆ ಕೇಳಿದಿರಲ್ಲ, ದಯವಿಟ್ಟು ಬೇಡ. ನಾನು ಡಿಗ್ರಿ ಓದುತ್ತಿದ್ದ ಕಾಲೇಜಿನಲ್ಲಿ ಒಮ್ಮೆ ಕ್ಲಾಸ್‌ನಲ್ಲೇ ಇಂಥ ಹಾಳೆ ಹಂಚಿದರು. ಮೇಲೆ ರಿಜಿಸ್ಟರ್ ನಂಬರ್ ಬರೆಯಬೇಕಿತ್ತು, ಇದು ಗುಟ್ಟಾಗಿರುತ್ತೆ ಅಂತಲೂ ಹೇಳಿದರು. ನನ್ನ ಫ್ರೆಂಡ್ ನಂಬಿ ಇದ್ದದ್ದು ಇದ್ದ ಹಾಗೆ ಬರೆದಳು. ಒಂದು ವಾರದೊಳಗೆ ಅವಳ ಮನೆಗೆ ಫೋನ್ ಹೋಯಿತು. ಅಪ್ಪ ಬಂದು ನಿಂತರು, ಹಾಸ್ಟೆಲ್ ಬಿಡಿಸಿ ಕರೆದುಕೊಂಡು ಹೋಗುತ್ತೇನೆ ಅಂದರು. ಫೋನ್ ಮಾಡಿದವರಿಗೆ ಒಳ್ಳೇ ಉದ್ದೇಶವೇ ಇದ್ದಿರಬಹುದು. ಆದರೆ ಅವಳನ್ನು ಒಂದು ಮಾತು ಕೇಳಲಿಲ್ಲ. ಅದಾದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಯಾವ ಫಾರ್ಮ್ ಬಂದರೂ ಎಲ್ಲರೂ ಎಲ್ಲದಕ್ಕೂ ‘ಇಲ್ಲವೇ ಇಲ್ಲ’ ಅಂತ ಟಿಕ್ ಹಾಕಿ ಕೊಡುತ್ತಿದ್ದೆವು. ಆ ಕಾಲೇಜಿನ ದಾಖಲೆಯಲ್ಲಿ ನಾವೆಲ್ಲ ತುಂಬಾ ಚೆನ್ನಾಗಿದ್ದೆವು ಅಂತಲೇ ಇರುತ್ತೆ.

ಹೆಸರು ಕೇಳದಿದ್ದರೂ ಗುರುತು ಸಿಗಬಹುದು ಅನ್ನೋದನ್ನೂ ನೋಡಿ. ವಿಭಾಗ, ಸೆಮಿಸ್ಟರ್, ಊರು, ಜಾತಿ, ಅಪ್ಪನ ಕೆಲಸ ಎಲ್ಲ ಕೇಳಿದರೆ ಆಯಿತು. ಒಂದು ವಿಭಾಗದಲ್ಲಿ ಎಚ್.ಡಿ. ಕೋಟೆ ಕಡೆಯಿಂದ ಬಂದ ಹುಡುಗಿ ಒಬ್ಬಳೇ ಇದ್ದರೆ ಅದು ಅವಳೇ ಅಂತ ಯಾರಿಗಾದರೂ ಗೊತ್ತಾಗುತ್ತೆ. ನಿಮ್ಮ ಪ್ರಾಜೆಕ್ಟ್‌ಗೆ ಬೇಕಾಗಿರುವುದು ಹಾಸ್ಟೆಲ್ಲೋ ಓಡಾಟವೋ ಅನ್ನೋದು, ಹುಡುಗನೋ ಹುಡುಗಿಯೋ ಅನ್ನೋದು, ಹೆಚ್ಚೆಂದರೆ ಯಾವ ವರ್ಷ ಅನ್ನೋದು. ಬೇಡದ್ದನ್ನು ಕೇಳಬೇಡಿ. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಪಡೆಯುವ ಆಯ್ಕೆ ಆಫ್ ಇದೆಯಾ ನೋಡಿ. ಒಬ್ಬರಿಗೆ ಒಂದೇ ಸಲ ಅನ್ನೋ ಆಯ್ಕೆ ಹಾಕಿದರೆ ಲಾಗಿನ್ ಕೇಳುತ್ತೆ, ಅದನ್ನು ನೋಡಿದ ಕೂಡಲೇ ಅರ್ಧ ಜನ ವಾಪಸ್ ಹೋಗುತ್ತಾರೆ.

ಗಂಗೋತ್ರಿ ಹುಡುಗಿ

ನಿಮ್ಮ ಫ್ರೆಂಡ್ ವಿಷಯ ಓದಿ ತುಂಬಾ ಬೇಜಾರಾಯಿತು. ರಿಜಿಸ್ಟರ್ ನಂಬರ್, ಜಾತಿ, ಊರು ಮೂರನ್ನೂ ತೆಗೆಯುತ್ತೇನೆ. ಪಿಎಚ್‌ಕ್ಯೂ-8 ಅಂತ ಇರುವುದೇ ಗೊತ್ತಿರಲಿಲ್ಲ, ಅದನ್ನೇ ಹಾಕೋಣ ಅಂತ ನಾಳೆ ಗೈಡ್ ಹತ್ತಿರ ಮಾತಾಡುತ್ತೇನೆ. ಇನ್ನೆರಡು ಪ್ರಶ್ನೆ. ಎಲ್ಲ ಬರೀ ಕಷ್ಟದ ಬಗ್ಗೆಯೇ ಆದರೆ ತುಂಬುವವರಿಗೆ ಭಾರ ಅನಿಸಲ್ವಾ? ಡಿಗ್ರಿ ಮೊದಲ ವರ್ಷದವರನ್ನೂ ಸೇರಿಸಬಹುದಾ?

ಮಂಡ್ಯದ ಕೌನ್ಸೆಲರ್

ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯೂಎಚ್ಓ-5 ಅನ್ನೋ ಪ್ರಶ್ನಾವಳಿಯನ್ನು ಮೊದಲು ಇಡಿ. ಐದೇ ಪ್ರಶ್ನೆ, ಐದೂ ಒಳ್ಳೆಯದರ ಬಗ್ಗೆ: ಖುಷಿಯಾಗಿದ್ದೆನಾ, ಮನಸ್ಸು ಶಾಂತವಾಗಿತ್ತಾ, ಬೆಳಿಗ್ಗೆ ಏಳುವಾಗ ಲವಲವಿಕೆ ಇತ್ತಾ, ಈ ಥರ. 25ಕ್ಕೆ ಬಂದ ಅಂಕವನ್ನು 4ರಿಂದ ಗುಣಿಸಿದರೆ 100ಕ್ಕೆ ಆಗುತ್ತೆ. 50ಕ್ಕಿಂತ ಕಡಿಮೆ ಬಂದರೆ ಗಮನ ಕೊಡಬೇಕು. ಕಾಯಿಲೆ ಇಲ್ಲದಿದ್ದರೂ ಮಂಕಾಗಿರುವವರು ಇದರಲ್ಲಿ ಕಾಣಿಸುತ್ತಾರೆ.

ಮೊದಲ ವರ್ಷದವರಲ್ಲಿ ಕೆಲವರಿಗೆ ಇನ್ನೂ 18 ತುಂಬಿರಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಅವರ ಒಪ್ಪಿಗೆಯ ಜೊತೆಗೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕಾಗುತ್ತೆ. ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್‌ಗೆ ಇರುವ ಸಮಯದಲ್ಲಿ ಅದು ಕಷ್ಟ. 18 ತುಂಬಿದವರಿಗಷ್ಟೇ ಇಟ್ಟುಕೊಳ್ಳಿ. ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಕೈಗೆ ಬರುವ ತನಕ ಒಬ್ಬರಿಗೂ ಫಾರ್ಮ್ ಕೊಡಬೇಡಿ.

ಪಾಂಡವಪುರ ಪ್ಯಾಸೆಂಜರ್

ನೀವು ಹೇಳಿದ ಓಡಾಡುವವರಲ್ಲಿ ನಾನೂ ಒಬ್ಬ. ನಮ್ಮನ್ನು ಸೇರಿಸಿದ್ದಕ್ಕೆ ಥ್ಯಾಂಕ್ಸ್, ಸಾಮಾನ್ಯವಾಗಿ ಎಲ್ಲ ಫಾರ್ಮ್‌ಗಳೂ ಹಾಸ್ಟೆಲ್‌ಗೆ ಹೋಗಿ ಅಲ್ಲೇ ಮುಗಿಯುತ್ತವೆ. ಒಂದು ಮಾತು, ರೈಲಲ್ಲಿ ಕೇಳಬೇಡಿ. ನಮ್ಮೂರಿನ ನಾಲ್ಕು ಜನ ಸುತ್ತ ನಿಂತಿರುತ್ತಾರೆ, ಅವರ ಎದುರಿಗೆ ಯಾರೂ ಮನಸ್ಸು ಸರಿ ಇಲ್ಲ ಅಂತ ಒತ್ತಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಲೇಜಿನಲ್ಲೇ ಒಂದು ರೂಮ್ ಕೊಡಿಸಿ, ಸಂಜೆ ನಿಲ್ಲಿಸಿಕೊಂಡರೆ ಟ್ರೈನ್ ತಪ್ಪುತ್ತೆ.

ಕನ್ನಡ ಫಾರ್ಮ್ ಮಾಡುವಾಗ ಪಿಎಚ್‌ಕ್ಯೂ ಅನುವಾದ ನೀವೇ ಮಾಡಬೇಡಿ, ಸಿದ್ಧವಾದದ್ದು ಇದೆ, ಉಚಿತವಾಗಿ ಸಿಗುತ್ತೆ. ನಿಮ್ಮದೇ ಪ್ರಶ್ನೆಗಳಿದ್ದರೆ ಅದರಲ್ಲಿ ಸ್ಕಾಲರ್‌ಶಿಪ್ ದುಡ್ಡು ತಡವಾಗಿ ಬರುವುದು, ಮನೆ ಸಾಲ, ಓದೋಕೆ ಜಾಗ ಇಲ್ಲದಿರುವುದು, ಇವು ಇರಲಿ. ನನಗೆ ನಿದ್ದೆ ಬರದಿರುವುದು ಹೆಚ್ಚಾಗಿ ಅವುಗಳಿಂದಲೇ. ಫಾರ್ಮ್ ರೆಡಿ ಆದ ಮೇಲೆ ಎಲ್ಲರಿಗೂ ಕಳಿಸುವ ಮೊದಲು ನಮ್ಮಂಥ ನಾಲ್ಕೈದು ಜನರ ಹತ್ತಿರ ಜೋರಾಗಿ ಓದಿಸಿ ನೋಡಿ, ಯಾವ ಪ್ರಶ್ನೆ ಅರ್ಥ ಆಗಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ನಾನು ಬರುತ್ತೇನೆ, ನಮ್ಮ ಬ್ಯಾಚಿನ ಇಬ್ಬರನ್ನೂ ಕರೆದುಕೊಂಡು ಬರುತ್ತೇನೆ. ಬುಧವಾರ ನಮಗೆ ಮಧ್ಯಾಹ್ನದ ಕ್ಲಾಸ್ ಇರಲ್ಲ.