ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಲೂಪ್ ಹಾಕಿದಾರೆ, ಇದು ಸರೀನಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಕಂಪ್ಯೂಟರ್ ಕ್ಯಾಬಿನೆಟ್ ಮುಟ್ಟಿದ್ರೆ ಸಣ್ಣಗೆ ಜುಮ್ ಅಂತಿತ್ತು, ಅದೂ ಬರಿಗಾಲಲ್ಲಿ ನಿಂತಾಗ ಮಾತ್ರ, ಚಪ್ಪಲಿ ಹಾಕ್ಕೊಂಡ್ರೆ ಏನೂ ಇಲ್ಲ. ಮಲ್ಟಿಮೀಟರ್ ಹಿಡಿದ್ರೆ ಕ್ಯಾಬಿನೆಟ್‌ಗೂ ನ್ಯೂಟ್ರಲ್‌ಗೂ ಮಧ್ಯೆ 108 ವೋಲ್ಟ್. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿ, ಇಲ್ಲಿಗೆ ಅರ್ಥ್ ವೈರೇ ಎಳೆದಿಲ್ಲ ಅಂದ್ರು, ಒಂದು ಬೆರಳುದ್ದ ವೈರ್ ತುಂಡು ತಗೊಂಡು ನ್ಯೂಟ್ರಲ್‌ನಿಂದ ಮೇಲಿನ ದಪ್ಪ ಪಿನ್ನಿಗೆ ಸೇರಿಸಿ ಹೋದ್ರು. ಜುಮ್ ಅನ್ನೋದು ನಿಂತೋಯ್ತು. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ನ್ಯೂಟ್ರಲ್ ಕೂಡ ಟ್ರಾನ್ಸ್‌ಫಾರ್ಮರ್ ಹತ್ರ ಭೂಮಿಗೇ ಹೋಗುತ್ತಲ್ವಾ, ಮತ್ತೆ ಎರಡಕ್ಕೂ ಬೇರೆ ಬೇರೆ ವೈರ್ ಯಾಕೆ?

ಉತ್ತರ 1:
ಮೇನ್ ಆಫ್ ಮಾಡಿ ಮೊದಲು ಆ ಲೂಪ್ ತೆಗೆಸಿ ಸರ್, ಆಮೇಲೆ ಉಳಿದ ಮಾತು.

ಉತ್ತರ 2:
ಕಾರಣ ನಾನು ಹೇಳ್ತೀನಿ. ನ್ಯೂಟ್ರಲ್ ಅಂದ್ರೆ ದಿನಾ ಕರೆಂಟ್ ವಾಪಸ್ ಹೋಗೋ ದಾರಿ, ಅರ್ಥ್ ಅನ್ನೋದು ಏನಾದ್ರೂ ಎಡವಟ್ಟಾದಾಗ ಮಾತ್ರ ಬಳಕೆಗೆ ಬರೋ ದಾರಿ. ಈಗ ಬೋರ್ಡ್ ಹಿಂದೆ ಎಲ್ಲೋ ನ್ಯೂಟ್ರಲ್ ಸ್ಕ್ರೂ ಲೂಸ್ ಆಗಿ ವೈರ್ ಬಿಟ್ಕೊಳ್ತು ಅಂದ್ಕೊಳ್ಳಿ. ಫೇಸ್‌ನಿಂದ, ಅಂದ್ರೆ ಕರೆಂಟ್ ಒಳಗೆ ತರೋ ವೈರ್‌ನಿಂದ, ಬಂದಿದ್ದು ನಿಮ್ಮ ಕಂಪ್ಯೂಟರ್ ಒಳಗೆ ಹಾದು ನ್ಯೂಟ್ರಲ್ ಪಿನ್ನಿಗೆ ಬರುತ್ತೆ, ಅಲ್ಲಿಂದ ಮುಂದೆ ದಾರಿ ಇಲ್ಲ, ಆದ್ರೆ ಆ ಬೆರಳುದ್ದ ವೈರ್ ಇದೆಯಲ್ಲ, ಅದರ ಮೂಲಕ ನೇರ ಕ್ಯಾಬಿನೆಟ್ ಬಾಡಿಗೆ 230 ವೋಲ್ಟ್ ಬಂದು ಕೂತ್ಕೊಳ್ಳುತ್ತೆ. ಕಂಪ್ಯೂಟರ್ ಆಫ್ ಆಗಿರುತ್ತೆ, ಕರೆಂಟ್ ಹೋಯ್ತು ಅಂದ್ಕೊಂಡೇ ನೀವು ಕೈ ಇಡ್ತೀರ. ಎಂಸಿಬಿನೂ (ಕರೆಂಟ್ ಮಿತಿ ಮೀರಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್) ಬೀಳಲ್ಲ, ಮನುಷ್ಯನ ಮೈಯಲ್ಲಿ ಹರಿಯೋ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇನ್ನು ಬೋರ್ಡಲ್ಲಿ ಯಾರೋ ಫೇಸು ನ್ಯೂಟ್ರಲ್ಲು ಅದಲುಬದಲು ಮಾಡಿಬಿಟ್ರೆ ನ್ಯೂಟ್ರಲ್ ಕಟ್ ಆಗೋದೂ ಬೇಡ, ಬಾಡಿ ಆಗ್ಲೇ ಲೈವ್.

ಟ್ರಾನ್ಸ್‌ಫಾರ್ಮರ್ ಹತ್ರ ಸೇರೋದು ನಿಜ. ಆದ್ರೆ ಸೇರಿಸೋದು ಕರೆಂಟ್ ಸಪ್ಲೈ ಆಗೋ ಕಡೆಯೇ, ಮನೆ ಒಳಗಿನ ಸಾಕೆಟ್‌ಗಳಲ್ಲಿ ಅಲ್ಲ.

ಮತ್ತೆ ಆ 108 ವೋಲ್ಟ್ ನೋಡಿ ಗಾಬರಿ ಆಗ್ಬೇಡಿ. ಪವರ್ ಸಪ್ಲೈ ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತೆ, ಅರ್ಥ್ ಇಲ್ಲದಿದ್ರೆ ಬಾಡಿ ಸುಮಾರು ಅರ್ಧ ವೋಲ್ಟೇಜ್‌ನಲ್ಲಿ ತೇಲ್ತಾ ಇರುತ್ತೆ, ಹರಿಯೋ ಕರೆಂಟ್ ಸಾಮಾನ್ಯವಾಗಿ 1 ಮಿಲಿಆಂಪ್‌ಗಿಂತ ಕಮ್ಮಿ.

ಪ್ರಶ್ನೆ ಕೇಳಿದವರು:
ಅಯ್ಯೋ, ಈಗ ಅರ್ಥ ಆಯ್ತು. ಹಾಗಾದ್ರೆ ಕಿಟಕಿ ಹೊರಗೆ ಒಂದು ರಾಡ್ ಹೂತು ಅಲ್ಲಿಂದ ಈ ಸಾಕೆಟ್‌ಗೆ ವೈರ್ ಎಳೆದ್ರೆ ಸಾಕಾ?

ಉತ್ತರ 3:
ಸಾಲದು. ಲೆಕ್ಕ ಹಾಕಿ ನೋಡಿ, ಆ ರಾಡ್‌ಗೂ ಮಣ್ಣಿಗೂ ಮಧ್ಯೆ 20 ಓಮ್ ರೆಸಿಸ್ಟೆನ್ಸ್ ಇದೆ ಅಂದ್ಕೊಳ್ಳಿ, ಫೇಸ್ ಬಾಡಿಗೆ ತಾಗಿದ್ರೆ ಹರಿಯೋದು 230 ಭಾಗಿಸು 20, ಅಂದ್ರೆ ಹನ್ನೊಂದೂವರೆ ಆಂಪ್. 16 ಆಂಪ್ ಎಂಸಿಬಿ ಸುಮ್ನೆ ನೋಡ್ತಾ ಕೂತಿರುತ್ತೆ, ಬಾಡಿ ಲೈವ್ ಆಗೇ ಇರುತ್ತೆ. ಮೇನ್ ಬೋರ್ಡಿನ ಅರ್ಥ್ ಬಾರ್‌ನಿಂದ (ಮನೆಯ ಅರ್ಥ್ ವೈರ್‌ಗಳೆಲ್ಲಾ ಸೇರೋ ಪಟ್ಟಿ) ಹಸಿರು ವೈರ್ ಎಳೆಸಿ, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ಅದು ಫೇಸಲ್ಲಿ ಹೋದದ್ದು, ನ್ಯೂಟ್ರಲ್ಲಲ್ಲಿ ವಾಪಸ್ ಬಂದದ್ದು ಎರಡನ್ನೂ ತೂಗಿ ನೋಡುತ್ತೆ, ವ್ಯತ್ಯಾಸ ಬಂದ್ರೆ ಪಟ್ ಅಂತ ಬೀಳುತ್ತೆ. ಲೂಪ್ ಹಾಗೇ ಬಿಟ್ಟು ಆರ್‌ಸಿಸಿಬಿ ಹಾಕಿದ್ರೆ ಬಾಡಿಗೆ ಲೀಕ್ ಆದದ್ದೂ ನ್ಯೂಟ್ರಲ್ಲಲ್ಲೇ ವಾಪಸ್ ಹೋಗುತ್ತೆ, ಅದಕ್ಕೆ ಗೊತ್ತೇ ಆಗಲ್ಲ.

ಬೇರೆ ಸಾಕೆಟ್‌ಗಳನ್ನೂ ಚೆಕ್ ಮಾಡಿ. ದೊಡ್ಡ ಲೋಡ್ ಹಾಕಿ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಅಳೀರಿ, ಸರಿಯಾಗಿದ್ರೆ ಸಾಮಾನ್ಯವಾಗಿ ಸ್ವಲ್ಪವಾದ್ರೂ ವೋಲ್ಟೇಜ್ ಕಾಣುತ್ತೆ. ಎಷ್ಟು ಲೋಡ್ ಹಾಕಿದ್ರೂ ಸೊನ್ನೆನೇ ಅಂದ್ರೆ ಲೂಪ್ ಇದೆಯಾ ಅಂತ ಅನುಮಾನ ಪಡಿ. ನಿಯಾನ್ ಟೆಸ್ಟರ್ ನಂಬ್ಬೇಡಿ, ಅದು ಇದನ್ನ ತೋರಿಸಲ್ಲ.

ಪ್ರಶ್ನೆ ಕೇಳಿದವರು:
ಇಸ್ತ್ರಿ ಪೆಟ್ಟಿಗೆ ಆನ್ ಮಾಡ್ಕೊಂಡು ಎಲ್ಲಾ ಕಡೆ ಅಳೆದೆ. ಇನ್ನೂ ಎರಡು ಕಡೆ ಸೊನ್ನೆ, ಅದರಲ್ಲಿ ಒಂದು ಬಾತ್‌ರೂಮ್ ಪಕ್ಕದ ವಾಷಿಂಗ್ ಮೆಷಿನ್ ಸಾಕೆಟ್. ಆ ಲೈನಿನ ಎಂಸಿಬಿ ಈಗ್ಲೇ ಆಫ್ ಮಾಡಿದೀನಿ.