ತಾಮ್ರ ನ್ಯಾನೋಟ್ಯೂಬನ್ನು ಹಿಡಿಯುವುದಿಲ್ಲ: ಆಸಿಡ್ಡೋ, ನಿಕಲ್ಲೋ, ಕ್ರೋಮಿಯಮ್ಮೋ?

ಪುಡಿಲೋಹ: ತಾಮ್ರದ ಪುಡಿಗೆ ತೂಕದಲ್ಲಿ ಶೇ. 1 ಬಹುಪದರದ ನ್ಯಾನೋಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಸೇರಿಸಿ, ಬಾಲ್ ಮಿಲ್‌ನಲ್ಲಿ ಬೆರೆಸಿ ಸಿಂಟರ್ ಮಾಡಿದ್ದು (ಕರಗಿಸದೆ ಕಾಯಿಸಿ ಬೆಸೆದದ್ದು). ಮುರಿದ ಮುಖದಲ್ಲಿ ಟ್ಯೂಬುಗಳು ಬೋಳಾಗಿ ಚಾಚಿಕೊಂಡಿವೆ, ತಾಮ್ರ ಹಿಡಿದೇ ಇಲ್ಲ. ಬಲವೂ ಬೇಕು, ವಾಹಕತೆಯೂ ಉಳಿಯಬೇಕು. ಆಸಿಡ್‌ನಲ್ಲಿ ಸಂಸ್ಕರಿಸಿದರೆ ಸಾಕೇ?

ಷಟ್ಕೋನ: ತಾಮ್ರದ ಡಿ ಕಕ್ಷಕ (ಬಂಧಕ್ಕೆ ಒದಗಬೇಕಾದ ಎಲೆಕ್ಟ್ರಾನ್ ಜಾಗ) ಪೂರ್ತಿ ತುಂಬಿದೆ, ಇಂಗಾಲದ ಪೈ ಎಲೆಕ್ಟ್ರಾನುಗಳೊಡನೆ ಬೆರೆಯುವುದೇ ಇಲ್ಲ. ಚಿನ್ನ, ಬೆಳ್ಳಿಯದೂ ಇದೇ ಕಥೆ. ಗ್ರಾಫೀನ್‌ನಿಂದ (ಟ್ಯೂಬಿನ ಗೋಡೆಯಂಥದೇ ಒಂಟಿ ಇಂಗಾಲದ ಪದರ) ಸುಮಾರು 3.3 ಆಂಗ್‌ಸ್ಟ್ರಾಂ ದೂರ ನಿಲ್ಲುತ್ತವೆ, ಬರೀ ದುರ್ಬಲ ವಾನ್ ಡರ್ ವಾಲ್ಸ್ ಸೆಳೆತ. ನಿಕಲ್, ಕೋಬಾಲ್ಟ್, ಟೈಟಾನಿಯಂ ಸುಮಾರು 2.1ಕ್ಕೇ ಬಂದು ಕೂರುತ್ತವೆ. ಟ್ಯೂಬಿಗೆ ಮೊದಲು ನಿಕಲ್ ಲೇಪಿಸಿ.

ತಂತಿ: ವಾಹಕತೆ ಬೇಕು ಅಂದವರಿಗೆ ನಿಕಲ್ಲೇ? ತಾಮ್ರದಲ್ಲಿ ಕರಗಿದ ಶೇ. 1 ನಿಕಲ್ ರೋಧಕತೆಯನ್ನು ಸುಮಾರು 1.2 ಮೈಕ್ರೋಓಮ್-ಸೆಂ.ಮೀ. ಏರಿಸುತ್ತದೆ, ಶುದ್ಧ ತಾಮ್ರದ್ದೇ 1.7. ರಂಜಕವಿರುವ ಹೈಪೋಫಾಸ್ಫೈಟ್ ದ್ರಾವಣದಲ್ಲಿ ಲೇಪಿಸಿದರೆ ರಂಜಕವೂ ಸೇರಿ ಇನ್ನೂ ಕೆಡುತ್ತದೆ. ತಾಮ್ರವನ್ನೇ ಲೇಪಿಸಿ: ಸ್ಟಾನಸ್ ಕ್ಲೋರೈಡ್ (ತವರದ ಲವಣ), ತೊಳೆತ, ಪಲಾಡಿಯಂ ಕ್ಲೋರೈಡ್, ಮತ್ತೆ ತೊಳೆತ, ಆಮೇಲೆ ತಾಮ್ರದ ಸಲ್ಫೇಟ್, ಇಡಿಟಿಎ (ತಾಮ್ರವನ್ನು ದ್ರಾವಣದಲ್ಲೇ ಹಿಡಿದಿಡುವ ರಾಸಾಯನಿಕ), ಫಾರ್ಮಾಲ್ಡಿಹೈಡ್ ದ್ರಾವಣ, ಪಿಎಚ್ 12ರ ಮೇಲೆ. ಮೊದಲ ತೊಳೆತದಲ್ಲಿ ತವರ ಉಳಿದರೆ ಪಲಾಡಿಯಂ ದ್ರಾವಣ ಕಪ್ಪಾಗಿ ಒಡೆಯುತ್ತದೆ. ಟ್ಯೂಬಿನ ಮೇಲ್ಮೈ ವಿಪರೀತ, ಒಮ್ಮೆಗೇ ಸುರಿದರೆ ತಾಮ್ರದ ದ್ರಾವಣವೂ ಹಾಳು. ಸ್ವಲ್ಪ ಸ್ವಲ್ಪವೇ ಹಾಕಿ.

ಮೂಷೆ: ತಂತಿಯವರೇ, ಲೇಪನ ಹಂಚಿಕೆಯನ್ನು ಸುಧಾರಿಸುತ್ತದೆ, ಸರಿ. ಬಂಧ ಎಲ್ಲಿಂದ ಬಂತು? ತಾಮ್ರ-ಇಂಗಾಲದ ಅದೇ ಗಡಿ ಹಾಗೇ ಇದೆಯಲ್ಲ. ಸಲ್ಫ್ಯೂರಿಕ್-ನೈಟ್ರಿಕ್ 3:1 ಆಸಿಡ್ ಕೂಡ ಅರ್ಧ ಉತ್ತರ. ಅದು ಟ್ಯೂಬಿನ ಮೇಲೆ ತರುವ ಕಾರ್ಬಾಕ್ಸಿಲ್ (ಆಮ್ಲಜನಕವಿರುವ) ಗುಂಪುಗಳು ಬಹುಪಾಲು 400 ಡಿಗ್ರಿ ಸೆಲ್ಸಿಯಸ್ ಒಳಗೇ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತವೆ. ಪುಡಿ ಒತ್ತಿಯಾದ ಮೇಲೆ ಹೋದರೆ ರಂಧ್ರವೇ ಗತಿ. ಕ್ರೋಮಿಯಂ ನೋಡಿ. ಶೇ. 0.5ರಿಂದ 1 ಕ್ರೋಮಿಯಂ ಇರುವ ಮಿಶ್ರಲೋಹದ ಪುಡಿ ತಗೊಂಡು, ಒಳ್ಳೆಯ ನಿರ್ವಾತದಲ್ಲಿ 900ರ ಮೇಲೆ ಒತ್ತಿದರೆ ಗಡಿಯಲ್ಲಿ ತೆಳು ಕಾರ್ಬೈಡ್ (ಲೋಹ-ಇಂಗಾಲದ ಸಂಯುಕ್ತ) ಮೂಡುತ್ತದೆ. ಕೋಣೆಯ ತಾಪದಲ್ಲಿ ತಾಮ್ರದಲ್ಲಿ ಕ್ರೋಮಿಯಂ ಕರಗುವುದು ನಗಣ್ಯ. ಆಮೇಲೆ 450-500ರಲ್ಲಿ ಏಜಿಂಗ್ ಕೊಟ್ಟರೆ (ಆ ತಾಪದಲ್ಲಿ ಹೊತ್ತು ಇಟ್ಟರೆ) ಮಿಕ್ಕಿದ್ದು ಕಣವಾಗಿ ಹೊರಬಿದ್ದು ವಾಹಕತೆ ಬಹುಮಟ್ಟಿಗೆ ಮರಳುತ್ತದೆ. ಟೈಟಾನಿಯಂನಲ್ಲಿ ಈ ಅನುಕೂಲವಿಲ್ಲ, ಕರಗಿ ಉಳಿದ ಚೂರೂ ರೋಧಕತೆಯನ್ನು ಜೋರಾಗಿ ಏರಿಸುತ್ತದೆ.

ಷಟ್ಕೋನ: ಕಾರ್ಬೈಡ್ ಅಂದರೆ ಟ್ಯೂಬಿನ ಇಂಗಾಲವನ್ನೇ ತಿನ್ನುವುದು. ಒಂಟಿಪದರದ ಟ್ಯೂಬಾದರೆ ಕೊಳವೆಯೇ ಮಾಯ.

ಮೂಷೆ: ಅದಕ್ಕೇ ಬಹುಪದರದ್ದು ವಾಸಿ: ಹೊರಪದರ ಬಲಿ, ಒಳಪದರ ಭಾರ ಹೊರುತ್ತದೆ. ಹೊತ್ತು ಹೆಚ್ಚಾದರೆ ಒಳಗಿನದೂ ಹೋಗುತ್ತದೆ. ರಾಮನ್‌ನಲ್ಲಿ ಡಿ-ಜಿ ಅನುಪಾತವನ್ನು (ಬೆಳಕಿನ ಪರೀಕ್ಷೆ, ಟ್ಯೂಬಿನ ದೋಷ ಎಷ್ಟೆಂದು ಹೇಳುತ್ತದೆ) ಮೊದಲೂ ಆಮೇಲೂ ನೋಡಿ. ನಿರ್ವಾತ ಕಳಪೆಯಾದರೆ ಕ್ರೋಮಿಯಂ ಇಂಗಾಲ ಬಿಟ್ಟು ಆಮ್ಲಜನಕದ ಹಿಂದೆ ಹೋಗುತ್ತದೆ.

ತಂತಿ: ಇದಕ್ಕೆಲ್ಲ ಮೊದಲು ಶೇ. 1ನ್ನೇ ಇಳಿಸಿ. ಟ್ಯೂಬಿನ ಸಾಂದ್ರತೆ ಸುಮಾರು 2, ತಾಮ್ರದ್ದು 8.96. ತೂಕದ 1 ಅಂದರೆ ಗಾತ್ರದಲ್ಲಿ 4ಕ್ಕೂ ಮೇಲೆ, ಗಂಟು ಕಟ್ಟದೇ ಇರುತ್ತದೆಯೇ? 0.2ರಿಂದ ಶುರು ಮಾಡಿ. ಮತ್ತೆ, ಬರೀ ತಾಮ್ರದ ಪುಡಿಯೇ ಆದರೆ ಸಡಿಲವಾಗಿದ್ದಾಗಲೇ ಹೈಡ್ರೋಜನ್‌ನಲ್ಲಿ 250-300ಕ್ಕೆ ಕಾಯಿಸಿ. ಒತ್ತಿದ ಮೇಲೆ ಕಾಯಿಸಿದರೆ ಒಳಗಿನ ಆಕ್ಸೈಡ್ ಹಬೆಯಾಗಿ ಹೊರಬರಲಾರದೆ ಗುಳ್ಳೆ ಎಬ್ಬಿಸುತ್ತದೆ.